ಕಾಸು ಕಟ್ಟುವ ಮುನ್ನ ಕಾರು ನೋಡಿ

ಪೆಟ್ರೋಲ್ ಕಾರಿಗೆ ನಾವು ಸುರಿಯುವ ಹಣದಲ್ಲಿ ದೊಡ್ಡ ಪಾಲು ಬಂಕಿಗೆ ಹೋಗುತ್ತದೆ. ಅದೂ ಒಂದೇ ದಿನವಲ್ಲ, ಹತ್ತು ವರ್ಷಗಳ ಉದ್ದಕ್ಕೂ ಸಾವಿರ, ಎರಡು ಸಾವಿರದ ಲೆಕ್ಕದಲ್ಲಿ. ಕಾರು ಹಿಡಿಸಲಿಲ್ಲವೆಂದರೆ ಓಡಿಸುವುದನ್ನು ಕಡಿಮೆ ಮಾಡಬಹುದು, ತುಂಬಿಸದ ಪೆಟ್ರೋಲಿನ ದುಡ್ಡು ನಮ್ಮಲ್ಲೇ ಉಳಿಯುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಹಾಗಿಲ್ಲ. ಮುಂದಿನ ವರ್ಷಗಳ ಇಂಧನದ ದೊಡ್ಡ ಪಾಲನ್ನು ಬ್ಯಾಟರಿಯ ರೂಪದಲ್ಲಿ ಮೊದಲ ದಿನವೇ ಕಟ್ಟಿಬಿಟ್ಟಿರುತ್ತೇವೆ. ಆ ಹಣ ಮರಳಿ ಬರುವುದು ಕಾರನ್ನು ದಿನಾ ಓಡಿಸಿದರೆ ಮಾತ್ರ. ಅಮ್ಮನಿಗೆ ಕೂರಲು ಆಗುವುದಿಲ್ಲ, ನಮ್ಮ ಪಾರ್ಕಿಂಗಿನಲ್ಲಿ ಚಾರ್ಜ್ ಹಾಕಲು ಆಗುವುದಿಲ್ಲ ಎಂಬ ಕಾರಣಕ್ಕೆ ಅದು ಮೂಲೆಯಲ್ಲಿ ನಿಂತರೆ ಲೆಕ್ಕವೇ ಕೆಡುತ್ತದೆ. ಹಾಗಾಗಿ ಈ ಕಾರನ್ನು ಖುದ್ದಾಗಿ ಹೋಗಿ ನೋಡುವುದನ್ನು ನಾನು ಹಣಕಾಸಿನ ಕೆಲಸವೆಂದೇ ಎಣಿಸುತ್ತೇನೆ. ಸಾಲದ ಬಡ್ಡಿ ದರ ಹೋಲಿಸುವುದಕ್ಕೆ ಕೊಡುವಷ್ಟೇ ಸಮಯವನ್ನು ಇದಕ್ಕೂ ಕೊಟ್ಟೆ.

ಬೆಂಗಳೂರಿನವರಿಗೆ ಪ್ಲಗ್ ಹಾಕುವ ಕಾರು ಹೊಸದೇನಲ್ಲ. 2001ರಲ್ಲೇ ಇಲ್ಲಿ ತಯಾರಾದ ರೇವಾ ರಸ್ತೆಗಿಳಿದಿತ್ತು. ಎರಡು ಬಾಗಿಲಿನ ಆ ಪುಟ್ಟ ಕಾರು ಲಂಡನ್ನಿನಲ್ಲೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಆ ಕಂಪನಿಯ ಬಹುಪಾಲು ಷೇರು ಮಹೀಂದ್ರಾ ಪಾಲಾಯಿತು. ಆಗ ಅದನ್ನು ಕೊಂಡವರು ಉತ್ಸಾಹಿಗಳು. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಬಂದ ಮೇಲೆ ನಮ್ಮಂಥ ಸಂಬಳದ ಮನೆಗಳೂ ಈ ಲೆಕ್ಕ ಹಾಕತೊಡಗಿದವು. ಈಗ ಫೋನಿನಲ್ಲೇ ಬಣ್ಣ ಆರಿಸಿ, ಮುಂಗಡ ಕಟ್ಟಿ, ಕಾರಿನ ಬಾಗಿಲನ್ನೂ ತೆರೆಯದೆ ಬುಕ್ ಮಾಡುವವರಿದ್ದಾರೆ. ಕಡೂರಿನಲ್ಲಿರುವ ನನ್ನ ತಮ್ಮನೂ ಅದನ್ನೇ ಹೇಳಿದ. "ಅಕ್ಕ, ಅಷ್ಟೊಂದು ವಿಡಿಯೊ ನೋಡಿದ್ದೀಯ, ಇನ್ನೇನು ನೋಡೋದಿದೆ? ಬುಕ್ ಮಾಡ್ಬಿಡು, ಆಮೇಲೆ ರೇಟ್ ಏರ್ಸ್ತಾರೆ."

ವಿಡಿಯೊದಲ್ಲಿ ಅಮ್ಮನ ಮಂಡಿ ಕಾಣುವುದಿಲ್ಲ. ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿ ಇರುವುದು ಕಾಲ ಕೆಳಗೆ, ನೆಲದಡಿ. ಮೊದಲು ಪೆಟ್ರೋಲಿಗೆಂದು ರೂಪಿಸಿ, ಆಮೇಲೆ ಬ್ಯಾಟರಿ ಕೂರಿಸಿದ ಮಾದರಿಗಳಲ್ಲಂತೂ ಹಿಂದಿನ ಸೀಟಿನ ಮುಂದೆ ನೆಲ ಎತ್ತರವಾಗಿ ಸೀಟು ಇದ್ದಲ್ಲೇ ಇರುತ್ತದೆ. ಕೂತವರ ಮಂಡಿ ಮೇಲಕ್ಕೇಳುತ್ತದೆ, ತೊಡೆಯ ಕೆಳಗೆ ಆಸರೆ ಸಿಗುವುದಿಲ್ಲ. ಐದು ನಿಮಿಷಕ್ಕೆ ಇದು ಗೊತ್ತೇ ಆಗುವುದಿಲ್ಲ. ಅಮ್ಮನನ್ನು ಶೋರೂಮಿಗೆ ಕರೆದುಕೊಂಡು ಹೋಗಿ, ನಾನು ಕಾಗದಪತ್ರ ನೋಡುವಷ್ಟು ಹೊತ್ತು ಹಿಂದಿನ ಸೀಟಿನಲ್ಲಿ ಕೂತಿರು ಎಂದೆ. ಶೋರೂಮಿನ ಹುಡುಗ ಎರಡು ಸಲ ಬಂದು, "ಅಮ್ಮ, ಹೊರಗೆ ಸೋಫಾ ಇದೆ, ಬನ್ನಿ" ಎಂದು ಕರೆದ. ಅಮ್ಮ ಏಳಲಿಲ್ಲ. ಕೊನೆಗೆ ಇಳಿದವಳು, "ಸೀಟು ಮೆತ್ತಗಿದೆ, ಆದ್ರೆ ಕುಕ್ಕರುಗಾಲಲ್ಲಿ ಕೂತ ಹಾಗಾಗುತ್ತೆ ಕಣೆ. ಕಡೂರಿನವರೆಗೆ ನನ್ನ ಕೈಲಾಗಲ್ಲ" ಎಂದಳು. ಆ ಮಾದರಿ ಅಲ್ಲಿಗೆ ಮುಗಿಯಿತು. ಅದರ ಬಗ್ಗೆ ಹೊಗಳಿಕೆಯನ್ನಷ್ಟೇ ಓದಿದ್ದೆ, ಹೊಗಳಿದ್ದೂ ಸುಳ್ಳಲ್ಲ. ಆದರೆ ಹೊಗಳಿದವರೆಲ್ಲ ಸ್ಟೇರಿಂಗ್ ಹಿಂದೆ ಕೂತವರು.

ಟೆಸ್ಟ್ ಡ್ರೈವ್ ಎಂದರೆ ಶೋರೂಮಿನ ಸುತ್ತ ಒಂದು ಸುತ್ತು ಎಂದು ಒಪ್ಪಿಕೊಳ್ಳಬೇಡಿ. ಕಾರನ್ನು ಮನೆಗೆ ತರಿಸಿ, ಅದು ರಾತ್ರಿ ನಿಲ್ಲಬೇಕಾದ ಜಾಗದಲ್ಲೇ ನಿಲ್ಲಿಸಿ ನೋಡಿ. ಚಾರ್ಜಿಂಗ್ ಪಾಯಿಂಟ್ ಒಂದೊಂದು ಕಾರಿನಲ್ಲಿ ಒಂದೊಂದು ಕಡೆ. ಪಂಚ್ ಇವಿಯಲ್ಲಿ ಮೂತಿಯ ಮೇಲೆ, ನೆಕ್ಸಾನ್ ಇವಿಯಲ್ಲಿ ಹಿಂದೆ, ಪೆಟ್ರೋಲ್ ಕಾರಿನ ಟ್ಯಾಂಕ್ ಮುಚ್ಚಳ ಇರುವಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನಗಿರುವ ಜಾಗದ ಒಂದು ಬದಿಗೆ ಕಂಬ, ಇನ್ನೊಂದು ಬದಿಗೆ ಪಕ್ಕದ ಮನೆಯವರ ಕಾರು. ಹಿಂದುಗಡೆ ಪಾಯಿಂಟ್ ಇರುವ ಕಾರಾದರೆ ದಿನಾ ರಿವರ್ಸ್ ಹಾಕಿಯೇ ನಿಲ್ಲಿಸಬೇಕು, ಇಲ್ಲವೇ ಕೇಬಲ್ ಓಡಾಡುವ ದಾರಿಗೆ ಅಡ್ಡ ಬೀಳುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಎಳೆಯುವುದು ಬೇಡವೇ ಬೇಡ. ಗಂಟೆಗಟ್ಟಲೆ ಭಾರಿ ಕರೆಂಟ್ ಹರಿದಾಗ ಅದು ಕಾಯುತ್ತದೆ, ಸುಟ್ಟೂ ಹೋಗಬಹುದು. ಮೀಟರ್ ಬೋರ್ಡಿನಿಂದ ನಮ್ಮ ಜಾಗಕ್ಕೆ ಬೇರೆ ವೈರ್ ಎಳೆಸಿ, ಎಂಸಿಬಿ, ಅರ್ಥಿಂಗ್ ಹಾಕಿಸುವ ಖರ್ಚು ದೂರದ ಮೇಲೆ ನಿಂತಿದೆ. ಅಳತೆ ಟೇಪು ಹಿಡಿದುಕೊಂಡೇ ಎಲೆಕ್ಟ್ರಿಷಿಯನ್ ಜೊತೆ ಮಾತಾಡಿ, ಅವನು ಹೇಳಿದ ಮೊತ್ತವನ್ನು ಕಾರಿನ ಬೆಲೆಗೆ ಸೇರಿಸಿ ಬರೆದುಕೊಂಡೆ.

ಬೇಸ್‌ಮೆಂಟಿಗೆ ಇಳಿಯುವಾಗ ಕಾರಿನಲ್ಲಿ ನಾಲ್ಕು ಜನ ಕೂತಿರಲಿ. ಕಂಪನಿಗಳು ಹೇಳುವ ಗ್ರೌಂಡ್ ಕ್ಲಿಯರೆನ್ಸ್ ಸಾಮಾನ್ಯವಾಗಿ ಖಾಲಿ ಕಾರಿನದು. ಜನ ಹತ್ತಿ ಕೂತಾಗ ಅದು ತಗ್ಗುತ್ತದೆ. ಕೆಳಗಿರುವುದು ಕಾರಿನ ಬೆಲೆಯಲ್ಲಿ ಮೂರನೇ ಒಂದರಷ್ಟು ಬಾಳುವ ಬ್ಯಾಟರಿ. ನಮ್ಮ ಬೀದಿಗಳ ಹಂಪ್‌ಗಳಿಗೆ ಯಾವ ಅಳತೆಯೂ ಇಲ್ಲ. ಒಂದು ಸಲ ಕೆಳಗೆ ಕರ್ ಎಂದರೂ ಎದೆ ಹಾರುತ್ತದೆ. ಒಂದು ಮಾದರಿ ನಮ್ಮ ರ್‍ಯಾಂಪಿನ ತುದಿಯಲ್ಲೇ ತಾಗಿತು. ಅದನ್ನೂ ಬಿಟ್ಟೆ.

ಇನ್ನು ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ. ಪೇಪರಿನ ಜಾಹೀರಾತಿನಲ್ಲಿರುವ ಕಿಲೋಮೀಟರ್ ಪ್ರಯೋಗಾಲಯದಲ್ಲಿ, ರೋಲರ್ ಮೇಲೆ ಕಾರನ್ನು ಓಡಿಸಿ ಅಳೆದದ್ದು. ನೆಲಮಂಗಲದ ಟ್ರಾಫಿಕ್ಕಾಗಲಿ, ತಿಪಟೂರು ದಾಟಿದ ಮೇಲೆ ನೂರರ ವೇಗವಾಗಲಿ ಅದರಲ್ಲಿಲ್ಲ. ನಿಜದ ಅಂದಾಜು ಬೇಕಿದ್ದರೆ ಅದು ಶೋರೂಮಿನಲ್ಲೇ ಸಿಗುತ್ತದೆ, ಬಹಳ ಜನ ನೋಡುವುದಿಲ್ಲ ಅಷ್ಟೆ. ಟೆಸ್ಟ್ ಡ್ರೈವ್ ಕಾರನ್ನು ತಿಂಗಳುಗಟ್ಟಲೆ ನಮ್ಮೂರಿನ ರಸ್ತೆಯಲ್ಲೇ, ಎಸಿ ಹಾಕಿಕೊಂಡು, ನಮ್ಮಂಥವರೇ ಓಡಿಸಿರುತ್ತಾರೆ. ಅದರ ಟ್ರಿಪ್ ಮೀಟರಿನಲ್ಲಿ ಒಂದು ಕಿಲೋಮೀಟರಿಗೆ ಎಷ್ಟು ವ್ಯಾಟ್-ಅವರ್ ಖರ್ಚಾಗಿದೆ ಎಂಬ ಸರಾಸರಿ ಇರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. 45 ಕಿಲೋವ್ಯಾಟ್-ಅವರ್ ಬ್ಯಾಟರಿಯ ಕಾರು ಕಿಲೋಮೀಟರಿಗೆ 150 ವ್ಯಾಟ್-ಅವರ್ ತಿಂದಿದ್ದರೆ ಪೂರ್ತಿ ಚಾರ್ಜಿಗೆ 300 ಕಿ.ಮೀ. ಬ್ಯಾಟರಿಯನ್ನು ಸೊನ್ನೆಗೆ ಇಳಿಸಿ ಯಾರೂ ಓಡಿಸುವುದಿಲ್ಲವಾದ್ದರಿಂದ ನಾನು ಅದರಲ್ಲಿ ಐದನೇ ಒಂದು ಪಾಲು ಕಳೆದು 240 ಎಂದೇ ಬರೆದುಕೊಳ್ಳುತ್ತೇನೆ. ಕಡೂರಿಗೆ 200 ಕಿ.ಮೀ.ಗಿಂತ ತುಸು ಹೆಚ್ಚು. ತಲುಪುತ್ತದೆ. ತಲುಪಿದ ಮೇಲೆ ತಮ್ಮನ ಮನೆಯಲ್ಲಿ ಗೀಸರಿಗೆ ಹಾಕುವಂಥ 16 ಆಂಪ್ ಸಾಕೆಟ್ ಕಾರಿನ ಹತ್ತಿರ ಬೇಕು, ಇಡೀ ರಾತ್ರಿ ಬೇಕು. ಆ ಸಾಕೆಟ್ಟಿನಲ್ಲಿ ಗಂಟೆಗೆ ಸುಮಾರು 3 ಯೂನಿಟ್, ಅಂದರೆ 3 ಕಿಲೋವ್ಯಾಟ್-ಅವರ್ ಹೋಗುತ್ತದೆ. 45 ಯೂನಿಟ್ಟಿನ ಬ್ಯಾಟರಿ ಖಾಲಿಯಿಂದ ತುಂಬಲು ಹದಿನೈದು ಗಂಟೆ. 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಆದರೆ ಆರೇಳು ಗಂಟೆ ಸಾಕು, ಆದರೆ ಅದಕ್ಕೆ ಮನೆಯ ಮಂಜೂರಾದ ಲೋಡ್ ಹೆಚ್ಚಿಸಬೇಕಾಗಬಹುದು. 2025-26ರ ದರಪಟ್ಟಿಯಲ್ಲಿ ಗೃಹಬಳಕೆಯ ನಿಗದಿತ ಶುಲ್ಕ ಕಿಲೋವ್ಯಾಟಿಗೆ ತಿಂಗಳಿಗೆ 145 ರೂ. ಇತ್ತು. ಆ ದರದಲ್ಲಿ ಲೋಡನ್ನು 3ರಿಂದ 8 ಕಿಲೋವ್ಯಾಟಿಗೆ ಏರಿಸಿದರೆ, ಕಾರು ಮುಟ್ಟದ ತಿಂಗಳಲ್ಲೂ 725 ರೂ. ಹೆಚ್ಚಿಗೆ ಬರುತ್ತದೆ.

ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇರುವ ಮನೆಯವರು ಇನ್ನೊಂದು ಲೆಕ್ಕವನ್ನು ತಪ್ಪದೆ ಹಾಕಬೇಕು. ಮನೆಗೆ ತಿಂಗಳಿಗೆ 90 ಯೂನಿಟ್ ಖರ್ಚು, ಬಿಲ್ ಸೊನ್ನೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರಿಗೆ 150 ಯೂನಿಟ್ ಸೇರಿದರೆ 240 ಆಯಿತು. 200 ದಾಟಿದ ತಿಂಗಳು ಪೂರ್ತಿ ಬಿಲ್ ನಮ್ಮದೇ. ತೆರಿಗೆ, ಸರ್‌ಚಾರ್ಜ್ ಸೇರಿ ಯೂನಿಟ್ಟಿಗೆ ಸುಮಾರು 7 ರೂ. ಹಿಡಿದರೆ 1,680 ರೂ. ಕಾರು ಕುಡಿದದ್ದು 150 ಯೂನಿಟ್, ಕೊಟ್ಟದ್ದು 1,680. ಅಂದರೆ ಕಾರಿನ ಕರೆಂಟು ಯೂನಿಟ್ಟಿಗೆ 11 ರೂ. ಮೇಲೆ ಬಿತ್ತು. ಕಾರಿಗೆಂದೇ ಬೇರೆ ಮೀಟರ್ ಹಾಕಿಸಿದರೆ ಈ ಹೊಡೆತ ತಪ್ಪುತ್ತದೆ. ವಾಹನ ಚಾರ್ಜಿಂಗಿಗೆ ವಿದ್ಯುತ್ ಕಂಪನಿಗಳಲ್ಲಿ ಪ್ರತ್ಯೇಕ ದರ ವರ್ಗವೇ ಇದೆ. ಬೆಸ್ಕಾಂ ಕಚೇರಿಗೂ, ಅಪಾರ್ಟ್‌ಮೆಂಟ್ ಸಂಘಕ್ಕೂ ಕಾರು ಬರುವ ಮೊದಲೇ ಹೋಗಿ ಬನ್ನಿ. ಮೀಟರ್ ಕೋಣೆಯಲ್ಲಿ ಜಾಗ ಇದೆಯೋ ಇಲ್ಲವೋ ಎಂಬುದು ಕಣ್ಣಾರೆ ನೋಡಿದರೇ ತಿಳಿಯುವುದು.

ಇಷ್ಟೆಲ್ಲ ಆದ ಮೇಲೆ ದೊಡ್ಡ ಲೆಕ್ಕ ಸುಲಭ. ಪೆಟ್ರೋಲ್ ಲೀಟರಿಗೆ 103 ರೂ., ಲೀಟರಿಗೆ 15 ಕಿ.ಮೀ. ಎಂದು ಹಿಡಿದರೆ ಕಿಲೋಮೀಟರಿಗೆ 6.90 ರೂ. ಹತ್ತಿರ. ಯೂನಿಟ್ಟಿಗೆ 7 ರೂ. ಕೊಟ್ಟು 7 ಕಿ.ಮೀ. ಓಡಿದರೆ ಒಂದು ರೂಪಾಯಿ. ವರ್ಷಕ್ಕೆ 12,000 ಕಿ.ಮೀ. ಓಡುವವರಿಗೆ 70,000 ರೂ. ಉಳಿತಾಯ. ಪೆಟ್ರೋಲ್ ಕಾರಿಗಿಂತ ಮೂರೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಐದು ವರ್ಷದಲ್ಲಿ ಅದು ಮರಳಿತು. ಮನೆಯಲ್ಲಿ ಚಾರ್ಜ್ ಮಾಡಲಾಗದೆ ಯೂನಿಟ್ಟಿಗೆ 22 ರೂ. ಕೊಟ್ಟು ಹೊರಗಿನ ಫಾಸ್ಟ್ ಚಾರ್ಜರನ್ನೇ ನಂಬಿದರೆ ಅದೇ ಹಣಕ್ಕೆ ಎಂಟು ವರ್ಷ ಹತ್ತಿರ ಬೇಕು. ವರ್ಷಕ್ಕೆ 5,000 ಕಿ.ಮೀ. ಮಾತ್ರ ಓಡುವವರಿಗೆ, ಮನೆಯಲ್ಲೇ ಚಾರ್ಜ್ ಮಾಡಿದರೂ ಹನ್ನೆರಡು ವರ್ಷ. ಅಂಥವರಿಗೆ ಹಣದ ದೃಷ್ಟಿಯಿಂದ ಈ ಕಾರು ಬೇಡ ಎಂದೇ ನಾನು ಹೇಳುತ್ತೇನೆ. ಹೊಗೆಯಿಲ್ಲ, ಸದ್ದಿಲ್ಲ ಎಂಬ ಸಂತೋಷಕ್ಕೆ ಕೊಳ್ಳುವವರ ಮಾತು ಬೇರೆ, ಅದಕ್ಕೂ ಬೆಲೆಯಿದೆ.

ಡಿಕ್ಕಿ ತೆಗೆದು ನೋಡುವುದನ್ನು ಮರೆಯಬೇಡಿ. ಎಷ್ಟೋ ಎಲೆಕ್ಟ್ರಿಕ್ ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ, ಪಂಕ್ಚರ್ ಕಿಟ್ ಮಾತ್ರ. ಟೈರಿನ ಗಾಳಿ ಒತ್ತಡ ತೋರಿಸುವ ವ್ಯವಸ್ಥೆಯೂ ರಿಪೇರಿ ಕಿಟ್ಟೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿದೆ. ಮೊಳೆ ಚುಚ್ಚಿದರೆ ಕಿಟ್ ಸಾಕು. ಟೈರಿನ ಪಕ್ಕೆ ಸೀಳಿದರೆ ಅದರಿಂದ ಏನೂ ಆಗದು. ತಿಪಟೂರಿನಾಚೆ ರಾತ್ರಿ ಹತ್ತಕ್ಕೆ ಹಾಗಾದರೆ ಎಂದು ಯೋಚಿಸಿಯೇ ನಾನು ಚಕ್ರಸಮೇತ ಒಂದು ಟೈರಿನ ಬೆಲೆ ಕೇಳಿದೆ. ಅದನ್ನಿಟ್ಟ ಮೇಲೆ ಡಿಕ್ಕಿಯಲ್ಲಿ ನಮ್ಮ ಎರಡು ಸೂಟ್‌ಕೇಸ್ ಹಿಡಿಯುತ್ತವೆಯೇ ಎಂದೂ ಇಟ್ಟು ನೋಡಿದೆ.

ಕೊಟೇಷನ್ ಬಗ್ಗೆ ಎರಡು ಮಾತು. ಒಂದು ಶೋರೂಮಿನಲ್ಲಿ, "ಮೇಡಂ, ಸಾಲದ ಬಡ್ಡಿಗೆ ಒಂದೂವರೆ ಲಕ್ಷ ತೆರಿಗೆ ವಿನಾಯಿತಿ ಇದೆ" ಎಂದರು. ಆ 80ಇಇಬಿ ವಿನಾಯಿತಿ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗಷ್ಟೇ. ಹೊಸ ಸಾಲಕ್ಕೆ ಇಲ್ಲ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5% ಎಂಬುದು 2019ರ ಆಗಸ್ಟ್‌ನಿಂದ ಬಂದದ್ದು, ಅದು ಬೆಲೆಯಲ್ಲೇ ಸೇರಿರುತ್ತದೆ. ರಸ್ತೆ ತೆರಿಗೆಯ ವಿನಾಯಿತಿ ಎಲ್ಲ ಕಾರಿಗೂ ಉಳಿದಿಲ್ಲ. 2024ರಲ್ಲೇ ರಾಜ್ಯದಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ 10% ಆಜೀವ ತೆರಿಗೆ ಬಂತು. ತೆರಿಗೆ ಬದಲಾಗುತ್ತಿರುತ್ತದೆ, ಹಾಗಾಗಿ ಆನ್‌ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಂಡೇ ಏಳಿ. 10 ಲಕ್ಷ ದಾಟಿದ ಕಾರಿಗೆ ಹಿಡಿಯುವ 1% ತೆರಿಗೆ (ಟಿಸಿಎಸ್) ರಿಟರ್ನ್ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೇ ಜಮೆಯಾಗುತ್ತದೆ. ವಿಮೆಯನ್ನು ಹೊರಗಿನಿಂದಲೂ ಕೊಳ್ಳಬಹುದು. ಬ್ಯಾಟರಿಯ "ಜೀವಮಾನ" ವಾರಂಟಿ ಎಂದರೆ ಮೊದಲ ಒಡೆಯರಿಗೆ ಎಷ್ಟು ವರ್ಷ, ಮಾರಿದ ಮೇಲೆ ಎರಡನೆಯವರಿಗೆ ಎಷ್ಟು ಎಂದು ಓದಿ. ಮುಂದೆ ಮಾರುವಾಗ ಸಿಗುವ ಬೆಲೆ ಅದರ ಮೇಲೆ ನಿಂತಿದೆ. ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವ ಯೋಜನೆಯೂ ಇದೆ. 2024ರಲ್ಲಿ ಎಂಜಿ ವಿಂಡ್ಸರ್ 9.99 ಲಕ್ಷ ಬೆಲೆಗೆ, ಕಿಲೋಮೀಟರಿಗೆ 3.50 ರೂ. ಬಾಡಿಗೆಯ ಲೆಕ್ಕದಲ್ಲಿ ಬಂತು. ಆ ಬಾಡಿಗೆಗೆ ಕರೆಂಟಿನ ಒಂದು ರೂಪಾಯಿ ಸೇರಿಸಿಯೇ ಪೆಟ್ರೋಲಿನ ಜೊತೆ ಹೋಲಿಸಬೇಕು, ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂಬ ಷರತ್ತಿದೆಯೇ ಎಂದೂ ಕೇಳಬೇಕು.

ಕೊನೆಯ ನೋಟ ಎಲ್ಲಕ್ಕಿಂತ ಮುಖ್ಯ. ಇಷ್ಟು ಹೊತ್ತು ನೋಡಿದ್ದು ಮಾದರಿಯನ್ನು. ನಮಗೆ ಸಿಗುವುದು ಬೇರೆಯೇ ಕಾರು, ಊರ ಹೊರಗಿನ ಯಾರ್ಡಿನಲ್ಲಿ ನಿಂತಿರುವುದು. ಹೊಸ ಖಾಸಗಿ ಕಾರಿನ ನೋಂದಣಿ ಈಗ ಡೀಲರ್ ಕಡೆಯಿಂದಲೇ ಆಗುತ್ತದೆ, ಆರ್‌ಟಿಒ ಇನ್‌ಸ್ಪೆಕ್ಟರ್ ಕಾರನ್ನು ನೋಡುವುದಿಲ್ಲ. ಹಸಿರು ನಂಬರ್ ಪ್ಲೇಟ್ ಬಿದ್ದ ಮೇಲೆ ಕುಂದು ಕಂಡರೆ ಅದು ನಮ್ಮ ಕಾರಿನ ಕುಂದು. ಆದ್ದರಿಂದ ನೋಂದಣಿಗೆ ಮೊದಲೇ ಯಾರ್ಡಿಗೆ ಹೋಗುತ್ತೇನೆ ಎಂದು ಪಟ್ಟು ಹಿಡಿದೆ. "ಅದೆಲ್ಲ ಪದ್ಧತಿ ಇಲ್ಲ ಮೇಡಂ" ಎಂದರು. ಹಾಗಾದರೆ ಬಾಕಿ ಹಣವೂ ಈಗ ಇಲ್ಲ ಎಂದಾಗ ಮ್ಯಾನೇಜರ್ ಬಂದು ಒಪ್ಪಿದರು.

ಷಾಸಿ ನಂಬರನ್ನು ಇನ್‌ವಾಯ್ಸ್ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿದೆ. ತಯಾರಾದ ತಿಂಗಳು ನೋಡಿದೆ. ನನಗೆಂದು ತೆಗೆದಿಟ್ಟಿದ್ದು ಹಿಂದಿನ ವರ್ಷದ್ದು. ಮಾರುವಾಗ ಲೆಕ್ಕಕ್ಕೆ ಬರುವುದು ಆ ವರ್ಷವೇ. ತಿಂಗಳುಗಟ್ಟಲೆ ನಿಂತ ಕಾರಿನ 12 ವೋಲ್ಟಿನ ಸಣ್ಣ ಬ್ಯಾಟರಿ ಇಳಿದುಹೋಗಿರುತ್ತದೆ, ದೊಡ್ಡದನ್ನೂ ಯಾವ ಮಟ್ಟದ ಚಾರ್ಜಿನಲ್ಲಿ ಬಿಟ್ಟಿದ್ದರೋ ತಿಳಿಯದು. ಅದಕ್ಕೆ ರಿಯಾಯಿತಿ ಕೊಡುತ್ತೇವೆ ಎಂದರು. ಬೇಡ, ಈ ವರ್ಷದ್ದೇ ಬೇಕು ಎಂದು ಕಾದೆ. ಎರಡನೆಯ ಕಾರು ಬಂದಾಗ ಓಡೊಮೀಟರ್, ನಾಲ್ಕೂ ಟೈರಿನ ತಯಾರಿಕೆಯ ವಾರ, ಹೊಟ್ಟೆಯ ಕೆಳಗಿನ ಕವಚ, ಗಾಜುಗಳ ಮೇಲಿನ ಗುರುತು ನೋಡಿದೆ. ಆಮೇಲೆ ಅದೇ ಕಾರನ್ನು ನಿಧಾನದ ಎಸಿ ಚಾರ್ಜರಿಗೂ, ಡೀಲರರ ಬಳಿಯೇ ಇದ್ದ ಡಿಸಿ ಫಾಸ್ಟ್ ಚಾರ್ಜರಿಗೂ ಒಂದಾದ ಮೇಲೊಂದರಂತೆ ಹಾಕಿಸಿ, ಎರಡರಲ್ಲೂ ಯೂನಿಟ್ ಏರುವುದನ್ನು ಪರದೆಯ ಮೇಲೆ ನೋಡಿದೆ. ಬಾಕಿ ಹಣದ ಆರ್‌ಟಿಜಿಎಸ್ ಮಾಡಿದ್ದು ಅದಾದ ಮೇಲೆ, ಯಾರ್ಡಿನಲ್ಲಿ ನಿಂತೇ.