ಕಸ ವಿಂಗಡಿಸುವ ಸ್ತ್ರೀಯರು ಮತ್ತು ನಮ್ಮ ಮನೆಯ ಬುಟ್ಟಿ

ಪುಣೆಗೆ ಹೊಸದಾಗಿ ಬಂದ ಕನ್ನಡಿಗರಿಗೆ ಬೀದಿಯಲ್ಲಿ ಕೇಳಿಬರುವ ‘ಭಂಗಾರ’ ಎಂಬ ಕೂಗು ನಗು ತರಿಸುವುದುಂಟು. ನಮ್ಮ ಗುಜರಿಯೇ ಮರಾಠಿಯ ಭಂಗಾರ. ಈ ಗುಜರಿಯನ್ನೇ ನೆಚ್ಚಿ ಸಂಸಾರ ಸಾಗಿಸುವ ಸಾವಿರಾರು ಸ್ತ್ರೀಯರು ಈ ನಗರದಲ್ಲಿದ್ದಾರೆ. ಕಾಗದ, ಗಾಜು, ತಗಡು, ಪ್ಲಾಸ್ಟಿಕ್‌ಗಳನ್ನು ಬೇರ್ಪಡಿಸಿ ಮರಳಿ ಕಾರ್ಖಾನೆಗೆ ಸಾಗಿಸುವ ಸರಪಣಿಯ ಮೊದಲ ಕೊಂಡಿ ಇವರು. ಹಸಿರು ಅರ್ಥವ್ಯವಸ್ಥೆಯೆಂದು ವಿದ್ವಾಂಸರು ಇಂದು ಕರೆಯುವ ಉದ್ಯೋಗವನ್ನು, ಆ ಹೆಸರು ಬಳಕೆಗೆ ಬರುವ ಮೊದಲೇ ಇವರು ನಡೆಸುತ್ತಿದ್ದರು.

ಬಹುಮಂದಿ ದಲಿತ ಕುಟುಂಬಗಳಿಗೆ ಸೇರಿದವರು. ಬರಗಾಲದಿಂದ ಕಂಗೆಟ್ಟು ಹಳ್ಳಿ ತೊರೆದು ಬಂದವರೂ ಇದ್ದಾರೆ. 1993ರಲ್ಲಿ ಇವರು ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘವನ್ನು ಕಟ್ಟಿಕೊಂಡರು. ಕಾರ್ಮಿಕ ನಾಯಕ ಬಾಬಾ ಆಢಾವ ಅವರ ಮಾರ್ಗದರ್ಶನ, ಲಕ್ಷ್ಮೀ ನಾರಾಯಣ ಮತ್ತು ಪೂರ್ಣಿಮಾ ಚಿಕರ್ಮಾನೆಯವರ ಶ್ರಮ ಅದರ ಹಿಂದಿದ್ದವು. ಚೀಲ ಹೊತ್ತವಳನ್ನು ಕಳ್ಳಿಯೆಂದು ಶಂಕಿಸುತ್ತಿದ್ದ ಕಾಲವದು. ಆದುದರಿಂದ ಸಂಘವು ಮೊದಲು ಕೇಳಿದ್ದು ನಗರಪಾಲಿಕೆಯ ಮಾನ್ಯತೆಯುಳ್ಳ ಗುರುತಿನ ಚೀಟಿಯನ್ನು. ಅದು ದೊರೆಯಿತು, ಅನಂತರ ವೈದ್ಯಕೀಯ ವಿಮೆಯೂ ದೊರೆಯಿತು. 2008ರಲ್ಲಿ ಇವರದೇ ಸಹಕಾರ ಸಂಸ್ಥೆಯಾದ ‘ಸ್ವಚ್ಛ್’ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಸಂಗ್ರಹಕ್ಕೆ ತೊಡಗಿತು. ಮನೆಯವರು ಕೊಡುವ ಮಾಸಿಕ ಶುಲ್ಕ, ಒಣಕಸ ಮಾರಿದ ಹಣ, ಇವೆರಡೂ ಅವರ ಸಂಪಾದನೆ. ಈ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದ ನಳಿನಿ ಶೇಖರ್ ಅವರು ಮುಂದೆ ಬೆಂಗಳೂರಿನಲ್ಲಿ ‘ಹಸಿರು ದಳ’ದ ಸ್ಥಾಪನೆಯಲ್ಲಿ ಪಾಲ್ಗೊಂಡರೆಂಬುದು ನಮಗೆ ಸಂತೋಷದ ಸಂಗತಿ.

ಆರೋಗ್ಯದ ದೃಷ್ಟಿಯಿಂದ ಬೀದಿಯ ತೊಟ್ಟಿಯನ್ನು ಬಿಟ್ಟು ಮನೆಬಾಗಿಲಿಗೆ ಬಂದುದೇ ದೊಡ್ಡ ಬದಲಾವಣೆ. ನಾಯಿ ಹಂದಿಗಳ ನಡುವೆ ಕೊಳೆತುದನ್ನು ಕೆದಕುವ ಕಷ್ಟ ಕಡಮೆಯಾಯಿತು. ಆದರೆ ಬಾಗಿಲಿನೊಳಗಿನ ನಾವು ಅಷ್ಟೊಂದು ಬದಲಾಗಲಿಲ್ಲ! ಒಡೆದ ಗಾಜನ್ನು ಹಾಗೆಯೇ ಎಸೆಯುತ್ತೇವೆ. ಗಾಯವಾದರೆ ಧನುರ್ವಾಯುವಿನ ಭಯ. ಸಾರು ಚೆಲ್ಲಿದ ರದ್ದಿಗೆ ಬೆಲೆಯಿಲ್ಲವಾದ್ದರಿಂದ ಅವಳ ಅಂದಿನ ಗಳಿಕೆಯೂ ತಗ್ಗುತ್ತದೆ. ಬಳಸಿದ ಪ್ಯಾಡು, ಡೈಪರುಗಳನ್ನು ಸುತ್ತಿಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ವಿಧಿಸಿದ್ದವು. ಆದರೂ ಪೊಟ್ಟಣವನ್ನು ಬಿಚ್ಚಿ ನೋಡದೆ ಒಳಗೇನಿದೆಯೆಂದು ತಿಳಿಯುವಂತಿರಲಿಲ್ಲ. ಆದುದರಿಂದಲೇ ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಬೊಟ್ಟಿಡಿರೆಂದು ‘ಸ್ವಚ್ಛ್’ನವರು ನಮ್ಮನ್ನು ಕೇಳಿಕೊಂಡರು. ಖರ್ಚಿಲ್ಲದ ಉಪಾಯ.

ಸಕ್ಕರೆ ಕಾಯಿಲೆಯವರಿರುವ ಮನೆಗಳು ಇನ್ನೂ ಒಂದು ಹೆಜ್ಜೆ ಮುಂದಿಡಬೇಕು. ಇನ್ಸುಲಿನ್ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ಮೊದಲಾದ ರಕ್ತದಿಂದ ಹರಡುವ ರೋಗಗಳು ಅಂಟಬಹುದು. ಸೂಜಿಗಳನ್ನು ಗಟ್ಟಿಯಾದ ಡಬ್ಬಿಯಲ್ಲಿ ಹಾಕಿ, ಮುಚ್ಚಳವನ್ನು ಭದ್ರವಾಗಿ ಬಿಗಿದು, ಒಣಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಕೊಡಬೇಕು. ಡಬ್ಬಿಗೂ ಬೆಲೆಯುಂಟಾದ್ದರಿಂದ ಆಕೆ ಅದನ್ನು ತೆರೆಯುವ ಸಂಭವವಿದೆ. ಬಾಯಿಬಿಟ್ಟು ಹೇಳಿಯೇ ಕೊಡಬೇಕು. ‘ತಾಈ, ಯಾತ ಸುಯಾ ಆಹೇತ’ ಎನ್ನುವಷ್ಟು ಮರಾಠಿ ನಮ್ಮೆಲ್ಲರಿಗೂ ಬರುತ್ತದೆ.