ಎರಡು ಬೇಸಗೆಗಳ ಪಕ್ಷಿ

ನಮಗೆ ವರ್ಷಕ್ಕೆ ಒಂದೇ ಬೇಸಗೆ. ಆದರೆ ಪ್ರತಿವರ್ಷವೂ ಎರಡು ಬೇಸಗೆಗಳನ್ನು ಕಾಣುವ ಕಡಲ ಹಕ್ಕಿಯೊಂದುಂಟು. ಅದೇ ಆರ್ಕ್ಟಿಕ್ ಟರ್ನ್. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ರೀವ ಹಕ್ಕಿಗಳು ಇದರ ಬಳಗದವೇ. ಇದರ ತೂಕ ಸುಮಾರು 100 ಗ್ರಾಂ; ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 80 ಸೆಂಟಿಮೀಟರು. ಬೂದುಬಣ್ಣದ ಬೆನ್ನು, ಕಪ್ಪು ನೆತ್ತಿ, ಕವಲೊಡೆದ ನೀಳವಾದ ಬಾಲ. ಸಂತಾನಕಾಲದಲ್ಲಿ ಕೊಕ್ಕೂ ಕಾಲುಗಳೂ ಕಡುಗೆಂಪು.

ಗ್ರೀನ್‌ಲೆಂಡ್, ಐಸ್‌ಲೆಂಡ್, ಅಲಾಸ್ಕ, ಸೈಬೀರಿಯ ಮೊದಲಾದ ಉತ್ತರದ ತೀರಗಳೇ ಇದರ ತವರು. ಗಂಡು ಮೀನನ್ನು ತಂದಿತ್ತು ಹೆಣ್ಣನ್ನು ಒಲಿಸಿಕೊಳ್ಳುತ್ತದೆ. ನೆಲದಲ್ಲಿ ತೋಡಿದ ಸಣ್ಣ ಗುಳಿಯೇ ಗೂಡು. ಅದರಲ್ಲಿ ಒಂದರಿಂದ ಮೂರು ಮೊಟ್ಟೆಗಳು. ತಂದೆತಾಯಿಗಳೆರಡೂ ಸರದಿಯಿಂದ ಕಾವು ಕೊಡುತ್ತವೆ. ಸುಮಾರು ಮೂರು ವಾರಗಳಲ್ಲಿ ಮೊಟ್ಟೆಯೊಡೆಯುತ್ತದೆ. ಮತ್ತೆ ಮೂರು ವಾರಗಳಲ್ಲಿ ಮರಿ ಹಾರಬಲ್ಲುದಾಗುತ್ತದೆ. ಗೂಡಿನ ಬಳಿ ಸುಳಿದವರು ಮನುಷ್ಯರಾದರೂ ಸರಿಯೆ, ಈ ಹಕ್ಕಿ ಎರಗಿ ತಲೆಯನ್ನು ಕುಕ್ಕದೆ ಬಿಡದು.

ಭೂಮಿಯ ಅಕ್ಷವು ಸುಮಾರು 23½ ಡಿಗ್ರಿಗಳಷ್ಟು ಓರೆಯಾಗಿರುವುದರಿಂದ ಉತ್ತರದಲ್ಲಿ ಹಗಲು ಕುಗ್ಗಿದಂತೆ ದಕ್ಷಿಣದಲ್ಲಿ ಹಿಗ್ಗುತ್ತದೆ. ಆಗ ಈ ಪಕ್ಷಿಗಳು ಅಂಟಾರ್ಕ್ಟಿಕದ ಕಡಲಿಗೆ ಹೊರಡುತ್ತವೆ. ಕಣ್ಣಿನಿಂದ ಕಂಡು ಮೀನು ಹಿಡಿಯುವ ಜೀವಿಗೆ ಬೆಳಕೇ ಬದುಕಲ್ಲವೆ?

ಈ ಯಾತ್ರೆಯನ್ನು ಅಳೆದ ಬಗೆ ಸ್ವಾರಸ್ಯಕರವಾದುದು. ಹಕ್ಕಿಯ ಕಾಲಿಗೆ 1.4 ಗ್ರಾಂ ತೂಕದ ಉಪಕರಣವೊಂದನ್ನು ಕಟ್ಟಿದರು. ಅದು ಬೆಳಕನ್ನೂ ಕಾಲವನ್ನೂ ದಾಖಲಿಸುತ್ತದೆ. ಹಗಲಿನ ಉದ್ದದಿಂದ ಅಕ್ಷಾಂಶ ತಿಳಿಯುತ್ತದೆ. ನಡುಹಗಲಿನ ವೇಳೆಯಿಂದ, ಗಂಟೆಗೆ 15 ಡಿಗ್ರಿಯಂತೆ, ರೇಖಾಂಶ ತಿಳಿಯುತ್ತದೆ. ವಿಷುವದ ದಿನಗಳಲ್ಲಾದರೋ ಎಲ್ಲೆಡೆಯೂ ಹಗಲು ಸರಿಸುಮಾರು ಸಮ. ಆಗ ಅಕ್ಷಾಂಶವನ್ನು ಹೇಳುವಂತಿಲ್ಲ. ಹಕ್ಕಿ ಮರುವರ್ಷವೂ ಹಳೆಯ ನೆಲೆಗೇ ಬರುವುದರಿಂದ ಉಪಕರಣವನ್ನು ಮರಳಿ ಪಡೆಯುವುದು ಸಾಧ್ಯವಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ಹಕ್ಕಿಯ ವಾರ್ಷಿಕ ಯಾತ್ರೆ ಸರಾಸರಿ 70,900 ಕಿಲೋಮೀಟರು! ಅದು ನೇರವಾಗಿ ಹಾರದೆ ಗಾಳಿಯ ಒಲವನ್ನನುಸರಿಸಿ ಬಳಸಿ ಬರುತ್ತದೆ. ಆದುದರಿಂದಲೇ ದೂರ ಹೆಚ್ಚಾದರೂ ಶ್ರಮ ಕಡಿಮೆ.

ಇಂತಹ ಯಾತ್ರಿಕನೂ ಸೋಲುವುದುಂಟು. 1980ರ ದಶಕದಲ್ಲಿ ಶೆಟ್‌ಲೆಂಡ್ ದ್ವೀಪಗಳ ಸುತ್ತ ಸಣ್ಣ ಮೀನುಗಳು ವಿರಳವಾದುವು; ವರ್ಷದ ಮೇಲೆ ವರ್ಷ ಮರಿಗಳು ಹಸಿವಿನಿಂದ ಸತ್ತುವು. ಭೂಮಿಯ ಎರಡು ತುದಿಗಳನ್ನೂ ಮುಟ್ಟಿಬರುವ ಪಕ್ಷಿಗೆ ಮರಿ ಸಾಕುವಾಗ ಬೇಕಾದುದು ಗೂಡಿನ ಹತ್ತಿರದ ಮೀನು. ಆ ಕಡಲು ಬರಿದಾದರೆ ರೆಕ್ಕೆಯ ಬಲವೆಲ್ಲ ವ್ಯರ್ಥ.