ಅಂಟು ಹಚ್ಚುವ ಮೊದಲು

ಅವ್ವಾ, ‘ಇವತ್ತು ರಾತ್ರಿ ಡಬ್ಬಿ ಒಡೀತೀನಿ ತಾತಾ, ನಾಳೆ ಸಂಜೀಗೆ ವಿಮಾನ ರೆಡಿ’ ಎಂದೆಯಲ್ಲ, ನಾನು ನಕ್ಕು ಫೋನ್ ಇಟ್ಟೆ. ಆಮೇಲೆ ನಿದ್ದೆ ಹತ್ತಲಿಲ್ಲ. ಲಿಂಗಸುಗೂರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕ್ರಾಫ್ಟ್ ಕಲಿಸಿದವನು. ಅವಸರದ ಕೈ ಏನೇನು ಕೆಡಿಸುತ್ತದೆಂದು ಬಲ್ಲೆ. ಅದರಲ್ಲಿ ನನ್ನ ಕೈಯೂ ಸೇರಿದೆ. ಅದಕ್ಕೇ ಈ ಕಾಗದ.

ನಾನು ಮಾಡಿದ ಮೊದಲ ಮಾಡೆಲ್ ಎರೆಮಣ್ಣಿನದು. ಮಸ್ಕಿಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಹಳ್ಳದ ದಂಡೆಯಿಂದ ಮಣ್ಣು ತಂದು, ನಾದಿ, ಎತ್ತು ಮಾಡುತ್ತಿದ್ದೆವು. ಏಳೆಂಟು ವರ್ಷದವನಿದ್ದಾಗ ಒಂದು ಜೋಡಿ ಮಾಡಿ ಅಪ್ಪನ ಮುಂದಿಟ್ಟೆ. ಅಪ್ಪ ತಿರುಗಿಸಿ ನೋಡಿ, ‘ಇಣಿ ಎಲ್ಲಿಟ್ಟಿಯೋ ಮಗನ?’ ಎಂದರು. ಬೆನ್ನಿನ ನಟ್ಟನಡುವೆ ಇಟ್ಟಿದ್ದೆ, ಒಂಟೆಗೆ ಇಟ್ಟ ಹಾಗೆ. ಬೈಯಲಿಲ್ಲ. ಕೊಟ್ಟಿಗೆಗೆ ಕರೆದುಕೊಂಡು ಹೋಗಿ ನನ್ನ ಅಂಗೈ ಹಿಡಿದು ಎತ್ತಿನ ಹೆಗಲ ಮೇಲೆ ಇಟ್ಟರು. ನೊಗ ಕೂರುವುದು ಇಲ್ಲಿ, ಅದರ ಹಿಂದೆಯೇ ಇಣಿ. ಚರ್ಮ ಬೆಚ್ಚಗಿತ್ತು, ಒಮ್ಮೆ ಜುಮ್ಮೆಂದು ನಡುಗಿತು. ಇವತ್ತಿಗೂ ಕಣ್ಣು ಮುಚ್ಚಿ ಎತ್ತು ಮಾಡಬಲ್ಲೆ.

ನಿನಗೂ ಅದನ್ನೇ ಹೇಳುತ್ತೇನೆ. ಅಂಟಿನ ಬಾಟಲಿ ಮುಚ್ಚಿಡು, ಮೊದಲು ವಿಮಾನ ನೋಡು. ನಿನ್ನ ಡಬ್ಬಿಯಲ್ಲಿರುವುದು ಏರ್‌ಫಿಕ್ಸ್‌ನ ಹಾಕ್, 1:72 ಅಳತೆಯದು. ಬಣ್ಣ ಬ್ರಿಟಿಷ್ ತಂಡದ್ದಿದ್ದರೂ ವಿಮಾನ ಪರದೇಶಿಯೇನಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಇವನ್ನು ಕಟ್ಟಿದ್ದಾರೆ, ನಮ್ಮ ಬೀದರ್‌ನಲ್ಲಿ ಇವು ದಿನಾ ಹಾರುತ್ತವೆ. 2016ರಲ್ಲಿ ವಾಯುಪಡೆ ಸೇರಿದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಬೀದರ್‌ಗೆ ಬಂದು ಪಳಗಿದ್ದು ಇದೇ ಹಾಕ್ ಮೇಲೆ. ನೀನು ಮಾಡಬೇಕೆಂದಿರುವುದು ವಾಯುಪಡೆಯ ಕಸರತ್ತಿನ ತಂಡವಾದ ಸೂರ್ಯಕಿರಣದ ವಿಮಾನವಲ್ಲವೇ, ಆ ತಂಡ 1996ರಲ್ಲಿ ಶುರುವಾದದ್ದೂ ಬೀದರ್‌ನಲ್ಲೇ. ಆಗ ಅವರದು ಕಿರಣ್ ವಿಮಾನ, 2015ರಿಂದ ಹಾಕ್.

ಹತ್ತಿಪ್ಪತ್ತು ಫೋಟೋ ಮುಂದಿಟ್ಟುಕೊಂಡು ಕೂಡು. ಹಿಂದಿನ ಸೀಟು ಮುಂದಿನದಕ್ಕಿಂತ ಎತ್ತರ. ಕಲಿಸುವವರಿಗೆ ಕಲಿಯುವವರ ತಲೆ ದಾಟಿ ರನ್‌ವೇ ಕಾಣಬೇಕಲ್ಲ! ದೊಡ್ಡ ರೆಕ್ಕೆಗಳು ತುದಿಗೆ ಹೋದಂತೆ ತುಸು ಮೇಲೇಳುತ್ತವೆ, ಬಾಲದ ಪುಟ್ಟ ರೆಕ್ಕೆಗಳು ಮಾತ್ರ ಕೆಳಕ್ಕೆ ಜೋತಿವೆ. ಇದು ನಿನ್ನ ಎತ್ತಿನ ಇಣಿ. ಬಾಲದ ರೆಕ್ಕೆ ಅಡ್ಡಡ್ಡ ನೆಟ್ಟಗೆ ಅಂಟಿಸಿದೆಯೋ, ಬಣ್ಣ ಎಷ್ಟು ಚೆಂದ ಇದ್ದರೂ ಅದು ಹಾಕ್ ಆಗುವುದಿಲ್ಲ.

ಒಂದು ಲೆಕ್ಕ ಹಾಕು. ಸುಮಾರು ಹನ್ನೆರಡು ಮೀಟರ್ ಉದ್ದದ ವಿಮಾನ ನಿನ್ನ ಮೇಜಿನ ಮೇಲೆ ಹದಿನಾರು ಹದಿನೇಳು ಸೆಂಟಿಮೀಟರ್ ಆಗುತ್ತದೆ. ಹಾಗಾದರೆ ಎರಡು ತುಂಡುಗಳ ನಡುವೆ ನೀನು ಬಿಟ್ಟ ಒಂದೇ ಒಂದು ಮಿಲಿಮೀಟರ್ ಸಂದು ನಿಜದ ವಿಮಾನದಲ್ಲಿ ಏಳು ಸೆಂಟಿಮೀಟರ್. ನಾಲ್ಕು ಬೆರಳು ತೂರುವ ಬಿರುಕು! ‘ಯಾರಿಗೆ ಕಾಣ್ತದ ಬಿಡು’ ಎನ್ನುವ ಮೊದಲು ಈ ನಾಲ್ಕು ಬೆರಳು ನೆನಪಿಸಿಕೋ.

ಆದ್ದರಿಂದ ತುಂಡುಗಳನ್ನು ಕೈಯಿಂದ ತಿರುಚಿ ಕೀಳಬೇಡ. ಉಗುರು ಕಟರ್‌ನಿಂದ ಸ್ವಲ್ಪ ದೂರಕ್ಕೆ ಕತ್ತರಿಸಿ, ಉಳಿದ ಮೊಳೆಯನ್ನು ಅಮ್ಮನ ಉಗುರು ಉಜ್ಜುವ ಪಟ್ಟಿಯಿಂದ ಸವೆಸು. ಆಮೇಲೆ ಅಂಟಿಲ್ಲದೆ ಜೋಡಿಸಿ ನೋಡು. ಕೂಡಲಿಲ್ಲವೇ, ಇನ್ನೊಮ್ಮೆ ಉಜ್ಜು. ಈ ಒಣ ಜೋಡಣೆಗೆ ಎರಡು ದಿನ ಹೋದರೆ ಹೋಗಲಿ. ಎಚ್‌ಎಎಲ್‌ನವರು ಮಾರುತ್ ಫೈಟರ್ ಕಟ್ಟುವಾಗ ಏನು ಮಾಡಿದರು ಗೊತ್ತೇ? ಜರ್ಮನಿಯ ಕರ್ಟ್ ಟ್ಯಾಂಕ್ ಹಾಕಿಕೊಟ್ಟ ವಿನ್ಯಾಸವನ್ನು ಮೊದಲು ಮರದಲ್ಲಿ ಮಾಡಿದರು, ಪೂರ್ತಿ ಅಳತೆಗೆ. ಎಂಜಿನ್ ಇಲ್ಲ. 1959ರಲ್ಲಿ ಡಕೋಟ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಟ್ಟರು. ಹಾಗೆ 78 ಸಲ ಹಾರಿಸಿ ನೋಡಿದರು. ನಿಜವಾದ ಮಾರುತ್ ಮೇಲೇರಿದ್ದು 1961ರ ಜೂನ್ 17ಕ್ಕೆ. ಅಷ್ಟು ದೊಡ್ಡ ಕಾರ್ಖಾನೆಯೇ ಮರದ ಬೊಂಬೆಯ ಜೊತೆ ಅಷ್ಟು ದಿನ ಕಳೆದಿರುವಾಗ ನಿನಗೆ ಏನವ್ವಾ ಅವಸರ? ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ನಿಂತಿರುವ ಮಾರುತ್ ನೋಡಿ ಬಾ.

ಅಂಟಿನ ವಿಷಯ. ಪ್ಲಾಸ್ಟಿಕ್ ಮಾಡೆಲ್ಲಿನ ತೆಳು ಅಂಟು ಅಂಟಿಸುವುದಿಲ್ಲ, ಕರಗಿಸುತ್ತದೆ. ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ತಪ್ಪಾಗಿ ಕೂತರೆ ಮತ್ತೆ ಬಿಡಿಸಲು ಬಾರದು. ಕಿಟಕಿ ತೆರೆದಿರಲಿ, ಒಲೆಯ ಹತ್ತಿರ ಬೇಡವೇ ಬೇಡ. ಪೈಲಟ್ ಕೂರುವ ಗೂಡಿಗೆ ಬಣ್ಣ ಹಚ್ಚಿದ ಮೇಲೇ ಹೊಟ್ಟೆಯ ಎರಡು ಹೋಳು ಮುಚ್ಚು. ಮುಚ್ಚುವ ಮೊದಲು ಗಾಲಿಯ ಜಾಗದಲ್ಲಿ ಬೆರಳು ಕೊಟ್ಟು ತೂಗಿ ನೋಡು. ಬಾಲ ಕೆಳಗಾದರೆ ಮೂಗಿನೊಳಗೆ ಸೈಕಲ್ ಅಂಗಡಿಯ ಎರಡು ಬೇರಿಂಗ್ ಗುಂಡು ಹಾಕು. ನನ್ನ ಮೊದಲ ವಿಮಾನ ಇದು ತಿಳಿಯದೆ ಬಾಲ ಊರಿ, ಮೂಗು ಎತ್ತಿ, ಭಿಕ್ಷೆ ಬೇಡುವ ನಾಯಿಯ ಹಾಗೆ ಕೂತಿತ್ತು.

ಅದೇ ವಿಮಾನದ ಗಾಜಿನ ಮುಚ್ಚಳಕ್ಕೆ ನಾನು ಚಪ್ಪಲಿಗೆ ಹಾಕುವ ಆ ತಟಕ್ಕನೆ ಹಿಡಿಯುವ ಗಮ್ ಹಾಕಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮುಚ್ಚಳದ ಒಳಗೆಲ್ಲ ಬೆಳ್ಳನೆ ಮಂಜು. ಗಮ್ಮಿನ ಆವಿ ಕೂತಿತ್ತು. ಒರೆಸಲು ಒಳಗೆ ಬೆರಳು ಹೋಗದು. ಎಂಟು ದಿನ ಕಷ್ಟಪಟ್ಟು ಬಣ್ಣ ಹಾಕಿದ ಒಳಗಿನ ಸೀಟು, ಮೀಟರುಗಳು ಯಾವುದೂ ಕಾಣಲಿಲ್ಲ. ನೀನು ಬೆಂಕಿಕಡ್ಡಿಯ ತುದಿಯಲ್ಲಿ ಫೆವಿಕಾಲ್ ತಗೊಂಡು ಅಂಚಿಗೆ ಮಾತ್ರ ಹಚ್ಚು. ಬಿಳಿಯಾಗಿದ್ದದ್ದು ಒಣಗಿದರೆ ಗಾಜಿನಂತಾಗುತ್ತದೆ. ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಸಂದಿಗೆ ಪುಟ್ಟಿ ತುಂಬುವಾಗ ಕಿನ್ನಾಳದ ಚಿತ್ರಗಾರರನ್ನು ನೆನೆ. ಕೊಪ್ಪಳ ನಮಗೇನು ದೂರ? ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಕಿಟ್ಟದಿಂದ ಬೊಂಬೆಯ ಕೀಲು ಮುಚ್ಚುತ್ತಾರೆ. ಬಣ್ಣದ ಅಡಿಯಲ್ಲಿ ಆ ಕೀಲು ಎಲ್ಲಿದೆಯೆಂದು ಹೇಳಲಿಕ್ಕಾಗದು.

ಬಣ್ಣ ಮೊದಲು ಬಿಳಿ, ಆಮೇಲೆ ಟೇಪ್ ಹಚ್ಚಿ ಕೆಂಪು. ತೆಳುವಾಗಿ ಮೂರು ಸಲ. ದಪ್ಪಗೆ ಒಂದೇ ಸಲ ಅಲ್ಲ. ಸಿಂಧನೂರಿನ ಬಿಸಿಲಿಗೆ ಬ್ರಶ್ಶಿನ ಮೇಲೇ ಬಣ್ಣ ಒಣಗುತ್ತದೆ, ಬೆಳಿಗ್ಗೆ ಬೇಗ ಕೂಡು. ನಿಮ್ಮ ಮನೆ ಹತ್ತಿರ ರೈಸ್‌ಮಿಲ್ ಬೇರೆ. ಹಸಿ ಬಣ್ಣದ ಮೇಲೆ ಹೊಟ್ಟಿನ ಧೂಳು ಕೂರದಂತೆ ಬುಟ್ಟಿ ಬೋರಲು ಹಾಕು. ಡಬ್ಬಿಯ ಸ್ಟಿಕ್ಕರಿನಲ್ಲಿರುವ ಚಕ್ರ ಬ್ರಿಟಿಷರದು, ಹೊರಗೆ ನೀಲಿ, ಒಳಗೆ ಕೆಂಪು. ನಮ್ಮದು ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅದನ್ನು ಕೈವಾರ ಇಟ್ಟು ನೀನೇ ಬರೆ. ಒಂದೆರಡು ಕಾಗದದ ಮೇಲೆ ಕೆಡಲಿ ಪರವಾಗಿಲ್ಲ. ಮಸ್ಕಿ ಬಂಡೆಯ ಮೇಲೆ ಅಶೋಕನ ಹೆಸರು ಕೆತ್ತಿದವನಿಗೆ ಆ ಸವಲತ್ತು ಇರಲಿಲ್ಲ, ಪಾಪ.

ಮುಗಿದ ಮೇಲೆ ನನಗೆ ತೋರಿಸಲು ಬಸ್ಸಿನಲ್ಲಿ ತರುತ್ತೀಯಲ್ಲ, ಗಾಲಿಯ ಕಾಲುಗಳನ್ನು ಅಂಟಿಸಬೇಡ. ಮಸ್ಕಿ ದಾಟುವುದರೊಳಗೆ ಮುರಿಯುತ್ತವೆ. ಅವನ್ನು ಬೇರೆ ಡಬ್ಬಿಯಲ್ಲಿ ಹತ್ತಿಯೊಳಗಿಟ್ಟು ತಾ, ಇಲ್ಲಿ ಇಬ್ಬರೂ ಕೂತು ಅಂಟಿಸೋಣ. ಫೆವಿಕಾಲ್ ನನ್ನ ಹತ್ತಿರ ಇದೆ, ಆ ತೆಳು ಅಂಟಿನ ಬಾಟಲಿ ಮಾತ್ರ ಮರಿಬ್ಯಾಡ.